ಕ್ರೀಡಾ ಶುಲ್ಕದ ಲೆಕ್ಕ

ಕಳೆದ ವಾರ ಜಯನಗರ ಐದನೆಯ ಬ್ಲಾಕಿನ ಶಾಲಿನಿ ಮೈದಾನದ ಬಳಿ ಸಂಜೆಯ ನಡಿಗೆಗೆ ಹೋಗಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎದುರಾದ. ಮಗಳನ್ನು ಪದವಿ ಕಾಲೇಜಿಗೆ ಸೇರಿಸಿ ಬರುತ್ತಿದ್ದ. ಜೇಬಿನಿಂದ ರಸೀದಿ ತೆಗೆದು, "ಸಾರ್, ಇದರಲ್ಲಿ ಕ್ರೀಡಾ ಶುಲ್ಕ ಅಂತ ಹಾಕಿದ್ದಾರೆ. ಆ ಕಾಲೇಜಿಗೆ ಮೈದಾನವೇ ಇಲ್ಲ. ಈ ದುಡ್ಡು ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದ. ನಿಂತ ಕಾಲಲ್ಲಿ ಉತ್ತರಿಸಲಾಗಲಿಲ್ಲ. ಇಂದಿನ ಪ್ರಶ್ನೆಗೆ ಉತ್ತರ ಹುಡುಕಲು ಐವತ್ತು ವರ್ಷ ಹಿಂದಕ್ಕೆ ಹೋಗುವುದು ಇತಿಹಾಸದ ಮೇಷ್ಟ್ರುಗಳ ಹಳೆಯ ಚಾಳಿ. ನಿಮ್ಮಲ್ಲಿ ಹಲವರಿಗೆ ಅದರ ಅನುಭವವಿದೆ.

ನಮ್ಮ ದಕ್ಷಿಣ ಬೆಂಗಳೂರಿನ ಹಳೆಯ ಕಾಲೇಜುಗಳು ಹುಟ್ಟಿದ್ದು ಶಿಕ್ಷಣ ಸಂಸ್ಥೆಗಳ ಹಾಗೂ ದಾನಿಗಳ ಶ್ರಮದಿಂದ. ಬಸವನಗುಡಿಯ ನ್ಯಾಷನಲ್ ಕಾಲೇಜು ಆರಂಭವಾದದ್ದು 1945ರಲ್ಲಿ. ಜಯನಗರ ಬಡಾವಣೆ 1948ರಲ್ಲಿ ಮೊದಲಾಯಿತು. ಅಲ್ಲಿಗೆ ಜನವಸತಿ ಬಂದಂತೆ 1965ರಲ್ಲಿ ಜಯನಗರದ ನ್ಯಾಷನಲ್ ಕಾಲೇಜು, 1973ರಲ್ಲಿ ಎನ್.ಎಂ.ಕೆ.ಆರ್.ವಿ. ಮಹಿಳಾ ಕಾಲೇಜು ಬಂದವು. ಅನುದಾನಿತ ಕಾಲೇಜುಗಳಲ್ಲಿ ಅಧ್ಯಾಪಕರ ಸಂಬಳವನ್ನು ಸರ್ಕಾರ ಕೊಡುತ್ತಿತ್ತು. ಆದರೆ ಚೆಂಡು, ಬ್ಯಾಟು, ಬಲೆಗಳಿಗೆ ಸಂಬಳದ ಅನುದಾನದಲ್ಲಿ ಜಾಗವೆಲ್ಲಿ? ಆ ಕೊರತೆಯನ್ನು ತುಂಬುತ್ತಿದ್ದುದು ಪ್ರತಿ ವಿದ್ಯಾರ್ಥಿಯಿಂದ ವರ್ಷಕ್ಕೆ ಕೆಲವೇ ರೂಪಾಯಿಗಳಂತೆ ಸಂಗ್ರಹಿಸುತ್ತಿದ್ದ ಕ್ರೀಡಾ ಶುಲ್ಕ. ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತಾರೆ. ಸಣ್ಣ ಕಾಲೇಜಿನಲ್ಲಿ ಹನಿಗಳೇ ಕಡಿಮೆ.

ಅದರಲ್ಲಿಯೂ ಒಂದು ಪಾಲು ವಿಶ್ವವಿದ್ಯಾಲಯಕ್ಕೆ ಸಲ್ಲಬೇಕು. ಭಾರತದ ಅಂತರ ವಿಶ್ವವಿದ್ಯಾಲಯ ಮಂಡಳಿ ಸ್ಥಾಪನೆಯಾದದ್ದು 1925ರಲ್ಲಿ. ಅಂತರ ವಿಶ್ವವಿದ್ಯಾಲಯ ಕ್ರಿಕೆಟ್ಟಿನ ರೋಹಿಂಟನ್ ಬಾರಿಯಾ ಟ್ರೋಫಿ 1935-36ರಿಂದ ನಡೆಯಿತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ನಮ್ಮ ಕಾಲೇಜುಗಳ ಆಟಗಾರರು ಅದರ ತಂಡದಲ್ಲಿ ಆಡತೊಡಗಿದರು. ಉಳಿದ ಪಾಲಿನಲ್ಲಿ ಕಾಲೇಜು ಪ್ರವೇಶ ಶುಲ್ಕ, ಬಸ್ ಚಾರ್ಜು, ಊಟದ ಭತ್ಯೆ, ಸಾಮಗ್ರಿಗಳೆಲ್ಲವನ್ನೂ ನಿಭಾಯಿಸಬೇಕಿತ್ತು. ಖೋ ಖೋ ಆಟಕ್ಕೆ ಎರಡು ಕಂಬ, ಒಂದಿಷ್ಟು ಸುಣ್ಣದ ಪುಡಿ ಸಾಕು. ಕ್ರಿಕೆಟ್ಟಿಗೋ ಪ್ಯಾಡು, ಗ್ಲೌಸು, ತೊಗಲಿನ ಚೆಂಡು, ನಾರಿನ ಮ್ಯಾಟು ಎಲ್ಲವೂ ಬೇಕು. ಹುಂಡಿಯ ಬಹುಪಾಲನ್ನು ಅದೊಂದೇ ನುಂಗುತ್ತಿತ್ತು.

ಮನೆಯವರು ಆಟವನ್ನು ಸಹಿಸುತ್ತಿದ್ದುದಕ್ಕೂ ಒಂದು ಲೆಕ್ಕಾಚಾರವಿತ್ತು. ಮೊದಲು ಪದವಿ, ಆಮೇಲೆ ಆಟ. ಎರಪಳ್ಳಿ ಪ್ರಸನ್ನ 1962ರಲ್ಲಿ ಟೆಸ್ಟ್ ಆಡಿದ ಮೇಲೂ ಇಂಜಿನಿಯರಿಂಗ್ ಓದು ಮುಗಿಸಲು ದೂರ ಸರಿದು, ತಂಡಕ್ಕೆ ಮರಳಿದ್ದು 1967ರಲ್ಲಿ. ನ್ಯಾಷನಲ್ ಕಾಲೇಜಿನಲ್ಲಿ ಓದಿದ ಅನಿಲ್ ಕುಂಬ್ಳೆ 1990ರಲ್ಲಿ ಮೊದಲ ಟೆಸ್ಟ್ ಆಡುವಾಗ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ. ಇಷ್ಟು ಎತ್ತರಕ್ಕೆ ಏರಲಾಗದವರಿಗೆ ಎಚ್‌ಎಎಲ್, ಐಟಿಐ ಮೊದಲಾದ ಕಾರ್ಖಾನೆಗಳೂ ಬ್ಯಾಂಕುಗಳೂ ಕ್ರೀಡಾಪಟುಗಳೆಂದು ನೌಕರಿ ಕೊಡುತ್ತಿದ್ದವು. ವಿಜಯಾ ಬ್ಯಾಂಕಿನ ಬಾಸ್ಕೆಟ್‌ಬಾಲ್ ತಂಡ ನಮಗೆಲ್ಲ ಪರಿಚಿತ. ಭಾರತ ಮಹಿಳಾ ಕ್ರಿಕೆಟ್ ತಂಡದ ಮೊದಲ ಟೆಸ್ಟ್ ನಾಯಕಿ ಶಾಂತಾ ರಂಗಸ್ವಾಮಿಯವರು ಕೆನರಾ ಬ್ಯಾಂಕಿನ ಉದ್ಯೋಗಿಯಾಗಿದ್ದರು. 1976ರಲ್ಲಿ ಆ ಮೊದಲ ಟೆಸ್ಟ್ ನಡೆದದ್ದು ನಮ್ಮ ಬೆಂಗಳೂರಿನಲ್ಲಿಯೇ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. 1979ರಲ್ಲಿ, ಹೆಸರು ಬೇಡವಾದ ಒಂದು ಕಾಲೇಜಿನಲ್ಲಿ, ನಾನು ಕ್ರೀಡಾ ಸಮಿತಿಯ ವಿದ್ಯಾರ್ಥಿ ಪ್ರತಿನಿಧಿಯಾಗಿದ್ದೆ. ಆ ವರ್ಷ ಹುಡುಗಿಯರ ಖೋ ಖೋ ತಂಡ ಚೆನ್ನಾಗಿ ಆಡಿ, ಅಂತರ ಕಾಲೇಜು ಪಂದ್ಯಕ್ಕಾಗಿ ತುಮಕೂರಿಗೆ ಹೋಗಬೇಕಾಗಿತ್ತು. ಉಳಿದಿದ್ದ ಹಣದಲ್ಲಿ ಒಂದೋ ಅವರ ಬಸ್ ಚಾರ್ಜು, ಇಲ್ಲವೇ ಕ್ರಿಕೆಟ್ ತಂಡಕ್ಕೆ ಎರಡು ಹೊಸ ಬ್ಯಾಟು. ಸಭೆಯಲ್ಲಿದ್ದವರೆಲ್ಲ ಹುಡುಗರೇ. ಬ್ಯಾಟು ಕೊಳ್ಳುವುದೆಂದು ತೀರ್ಮಾನವಾಯಿತು. ನಾನೂ ಸಹಿ ಹಾಕಿದೆ. ಆ ಹುಡುಗಿಯರೂ ನಮ್ಮಷ್ಟೇ ಶುಲ್ಕ ಕಟ್ಟಿದ್ದರೆಂಬುದು ಆಗ ನನಗೆ ಹೊಳೆಯಲೇ ಇಲ್ಲ. ಕ್ರಿಕೆಟ್ ತಂಡ ಮೊದಲ ಸುತ್ತಿನಲ್ಲೇ ಸೋತು ಬಂತು ಎಂಬುದು ಬೇರೆ ಮಾತು. ಗೆದ್ದಿದ್ದರೂ ತಪ್ಪು ತಪ್ಪೇ.

ಸುಮಾರು ಇಪ್ಪತ್ತು ವರ್ಷಗಳ ನಂತರ ಆ ತಂಡದ ನಾಯಕಿ ನಮ್ಮ ಶಾಲೆಯ ಕ್ರೀಡಾ ದಿನಕ್ಕೆ ಒಬ್ಬ ವಿದ್ಯಾರ್ಥಿನಿಯ ತಾಯಿಯಾಗಿ ಬಂದಿದ್ದರು. ಗುರುತು ಹಿಡಿದು ನಗುತ್ತಾ, "ಏನ್ರೀ ಮೇಷ್ಟ್ರೇ, ಈ ಸಲವಾದರೂ ಬಸ್ ಚಾರ್ಜಿಗೆ ದುಡ್ಡಿದೆಯಾ?" ಎಂದರು. ನಾನೂ ನಕ್ಕೆ. ಆ ರಾತ್ರಿ ನಿದ್ರೆ ಬರಲಿಲ್ಲ.

ಅಮೆರಿಕದಲ್ಲಿಯೂ ಸಣ್ಣ ಕಾಲೇಜುಗಳ ಕಷ್ಟ ಹೆಚ್ಚು ಬೇರೆಯದಲ್ಲ. ದೊಡ್ಡ ವಿಶ್ವವಿದ್ಯಾಲಯಗಳಿಗೆ ಬರುವ ದೂರದರ್ಶನ ಪ್ರಸಾರದ ಹಣ ಎರಡು ವರ್ಷಗಳ ಸಣ್ಣ ಕಾಲೇಜುಗಳಿಗೆ ದೊರೆಯುವುದಿಲ್ಲ. ಆದರೆ ಸರ್ಕಾರದ ನೆರವು ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗಭೇದ ಕೂಡದೆಂಬ ಕಾನೂನು ಅಲ್ಲಿ 1972ರಲ್ಲಿ ಬಂದಿತು. ಹೆಣ್ಣುಮಕ್ಕಳ ಆಟವನ್ನು ಕೈಬಿಟ್ಟರೆ ಕಾಲೇಜು ಉತ್ತರ ಹೇಳಬೇಕಾಯಿತು. ನಮ್ಮ ಸಭೆಯಲ್ಲಿ ನಮ್ಮನ್ನು ಕೇಳುವವರಿರಲಿಲ್ಲ.

1991ರ ಆರ್ಥಿಕ ಸುಧಾರಣೆಗಳ ನಂತರ ಹಳೆಯ ಲೆಕ್ಕಾಚಾರ ಬುಡಮೇಲಾಯಿತು. ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು 2016ರಲ್ಲಿ ತೀರ್ಮಾನವಾಯಿತು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಬೇರೆ ಬ್ಯಾಂಕುಗಳೊಳಗೆ ವಿಲೀನವಾದವು. ಇನ್ನೊಂದೆಡೆ, 1990ರಲ್ಲಿ ಆರಂಭವಾದ ಜೈನ್ ಕಾಲೇಜಿನಂಥ ಖಾಸಗಿ ಸಂಸ್ಥೆಗಳು ಕ್ರೀಡಾಪಟುಗಳನ್ನು ತಾವಾಗಿಯೇ ಕರೆದು ಬೆಳೆಸಿದವು. ಪಂಕಜ್ ಅಡ್ವಾಣಿ ಅಲ್ಲಿ ಓದಿದವರು. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಜೈನ್ ವಿಶ್ವವಿದ್ಯಾಲಯ 20 ಚಿನ್ನದ ಪದಕಗಳೊಂದಿಗೆ ಮೊದಲ ಸ್ಥಾನ ಗಳಿಸಿತು. ಇದು ಮೆಚ್ಚತಕ್ಕ ಸಾಧನೆ. ಆದರೆ ಪ್ರತಿಭಾವಂತರೆಲ್ಲ ಕೆಲವೇ ಸಂಸ್ಥೆಗಳಲ್ಲಿ ಸೇರಿಕೊಂಡರೆ, ಸಣ್ಣ ಕಾಲೇಜಿನವರು "ನಮಗೆ ಹೇಗೂ ಪದಕ ಬರುವುದಿಲ್ಲ, ತಂಡವೇಕೆ?" ಎಂದು ಕೈಚೆಲ್ಲುವ ಅಪಾಯವಿದೆ. ತಂಡ ಹೋದ ಮೇಲೂ ಶುಲ್ಕ ಮಾತ್ರ ಉಳಿದೀತು.

ಕ್ರೀಡಾ ಶುಲ್ಕವೆಂಬುದು ಪದಕದ ಬೆಲೆಯಲ್ಲ. ಎಂದೂ ಪದಕ ಗೆಲ್ಲದ ಮಗುವೂ ಸಂಜೆ ಒಂದು ಗಂಟೆ ಓಡಿ, ಬೆವತು, ಸೋತು, ನಕ್ಕು ಮನೆಗೆ ಬರಲೆಂದು ಎಲ್ಲರೂ ಸೇರಿ ಕೂಡಿಟ್ಟ ಹಣ ಅದು. ಮೈದಾನವಿಲ್ಲದಿದ್ದರೆ ಬಾಡಿಗೆಗೆ ಪಡೆಯಲಿ, ತಂಡವಿಲ್ಲದಿದ್ದರೆ ಕಟ್ಟಲಿ.

ಆದ್ದರಿಂದ, ಶಾಲಿನಿ ಮೈದಾನದ ಬಳಿ ಸಿಕ್ಕ ನನ್ನ ಶಿಷ್ಯನಿಗೆ ನನ್ನ ಉತ್ತರವಿಷ್ಟೆ: ಪ್ರಾಂಶುಪಾಲರ ಬಳಿಗೆ ಹೋಗಿ ಮೂರು ಪ್ರಶ್ನೆಗಳನ್ನು ವಿನಯದಿಂದ ಕೇಳು. ಈ ವರ್ಷ ಸಂಗ್ರಹವಾದದ್ದು ಎಷ್ಟು? ಖರ್ಚಾದದ್ದು ಯಾವುದಕ್ಕೆ? ಅದರಲ್ಲಿ ಹೆಣ್ಣುಮಕ್ಕಳ ಪಾಲೆಷ್ಟು? 1979ರಲ್ಲಿ ಯಾರಾದರೊಬ್ಬ ತಂದೆ ಬಂದು ಈ ಮೂರನೆಯ ಪ್ರಶ್ನೆಯನ್ನು ಕೇಳಿದ್ದರೆ, ನನ್ನ ಲೇಖನಿ ಸಹಿ ಹಾಕುವ ಮುನ್ನ ಖಂಡಿತ ತಡೆಯುತ್ತಿತ್ತು.