ಸುನಿಲ್ ಜೋಶಿ

ಸುನಿಲ್ ಬಂಡಾಚಾರ್ಯ ಜೋಶಿ (ಜನನ: 6 ಜೂನ್ 1970, ಗದಗ) ಭಾರತದ ಮಾಜಿ ಕ್ರಿಕೆಟ್ ಆಟಗಾರರು, ತರಬೇತುದಾರರು ಹಾಗೂ ರಾಷ್ಟ್ರೀಯ ಆಯ್ಕೆ ಸಮಿತಿಯ ಮಾಜಿ ಅಧ್ಯಕ್ಷರು. ಎಡಗೈ ಸ್ಪಿನ್ ಬೌಲರ್ ಆಗಿ ಭಾರತದ ಪರ 15 ಟೆಸ್ಟ್ ಮತ್ತು 69 ಏಕದಿನ ಪಂದ್ಯಗಳನ್ನು ಆಡಿದ್ದಾರೆ. ನಿವೃತ್ತಿಯ ನಂತರ ಜಮ್ಮು ಮತ್ತು ಕಾಶ್ಮೀರ, ಅಸ್ಸಾಂ, ಉತ್ತರ ಪ್ರದೇಶ ಮೊದಲಾದ ರಾಜ್ಯ ತಂಡಗಳಿಗೂ, ಒಮಾನ್ ಮತ್ತು ಬಾಂಗ್ಲಾದೇಶದ ರಾಷ್ಟ್ರೀಯ ತಂಡಗಳಿಗೂ ತರಬೇತಿ ನೀಡಿದ್ದಾರೆ. ಬೆಂಗಳೂರಿನಿಂದ ದೂರದಲ್ಲಿರುವ ಉತ್ತರ ಕರ್ನಾಟಕದಿಂದ ಬಂದು ಭಾರತ ತಂಡದಲ್ಲಿ ಸ್ಥಾನ ಪಡೆದ ಕೆಲವೇ ಆಟಗಾರರಲ್ಲಿ ಇವರೂ ಒಬ್ಬರು.

ಬಾಲ್ಯ

ಜೋಶಿಯವರ ಬಾಲ್ಯ ಗದಗದಲ್ಲಿ ಕಳೆಯಿತು. ಆ ಕಾಲದಲ್ಲಿ ಕ್ರಮಬದ್ಧವಾದ ಕ್ರಿಕೆಟ್ ಅಭ್ಯಾಸಕ್ಕೆ ಅಲ್ಲಿಯ ಹುಡುಗರು ಹುಬ್ಬಳ್ಳಿಗೆ ಹೋಗಬೇಕಾಗಿತ್ತು. ಜೋಶಿಯವರು ನಸುಕಿನಲ್ಲಿಯೇ ಹೊರಟು, ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಯಲ್ಲಿ ಅಭ್ಯಾಸ ಮುಗಿಸಿ, ಶಾಲೆಯ ವೇಳೆಗೆ ಗದಗಕ್ಕೆ ಮರಳುತ್ತಿದ್ದರು. ಅವರ ಜೀವನದ ಈ ಭಾಗವನ್ನು ಕ್ರಿಕೆಟ್ ಬರಹಗಾರರು ಮತ್ತೆ ಮತ್ತೆ ಸ್ಮರಿಸಿದ್ದಾರೆ.

ಆಟಗಾರರಾಗಿ

ಬಿ. ವಿಜಯಕೃಷ್ಣ ಮತ್ತು ರಘುರಾಮ್ ಭಟ್ ಅವರ ತರುವಾಯ ಕರ್ನಾಟಕದ ಎಡಗೈ ಸ್ಪಿನ್ ಪರಂಪರೆಯನ್ನು ಮುಂದುವರಿಸಿದವರು ಜೋಶಿ. 1992-93ರಲ್ಲಿ ಅವರು ಕರ್ನಾಟಕದ ಪರ ರಣಜಿ ಪಂದ್ಯಗಳಿಗೆ ಪದಾರ್ಪಣೆ ಮಾಡಿದರು. 1995-96ರ ರಣಜಿ ಋತುವಿನಲ್ಲಿ 500ಕ್ಕೂ ಹೆಚ್ಚು ರನ್ ಗಳಿಸಿ, 50ಕ್ಕೂ ಹೆಚ್ಚು ವಿಕೆಟ್ ಪಡೆದು ಅಪರೂಪದ ಸಾಧನೆ ಮಾಡಿದರು. ಆ ವರ್ಷ ಕರ್ನಾಟಕ ಪ್ರಶಸ್ತಿ ಗೆದ್ದಿತು. 1997-98 ಮತ್ತು 1998-99ರಲ್ಲಿಯೂ ರಾಜ್ಯ ತಂಡ ರಣಜಿ ಟ್ರೋಫಿಯನ್ನು ತನ್ನದಾಗಿಸಿಕೊಂಡಿತು.

1996ರ ಜೂನ್‌ನಲ್ಲಿ ಇಂಗ್ಲೆಂಡಿನ ಎಜ್‌ಬಾಸ್ಟನ್ ಮೈದಾನದಲ್ಲಿ ಅವರು ಮೊದಲ ಟೆಸ್ಟ್ ಆಡಿದರು. ಬೆರಳಿನ ಗಾಯದಿಂದಾಗಿ ಆ ಪ್ರವಾಸ ಅವರಿಗೆ ಫಲಕಾರಿಯಾಗಲಿಲ್ಲ. 1999ರ ಸೆಪ್ಟೆಂಬರ್‌ನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ 10 ಓವರ್‌ಗಳಲ್ಲಿ ಕೇವಲ 6 ರನ್ ನೀಡಿ 5 ವಿಕೆಟ್ ಪಡೆದದ್ದು ಏಕದಿನ ಪಂದ್ಯಗಳಲ್ಲಿ ಅವರ ಶ್ರೇಷ್ಠ ಸಾಧನೆ. ಅವರ 10 ಓವರ್‌ಗಳಲ್ಲಿ 6 ಮೇಡನ್ ಆಗಿದ್ದವು.

2000ದ ನವೆಂಬರ್‌ನಲ್ಲಿ ಢಾಕಾದಲ್ಲಿ ನಡೆದ ಬಾಂಗ್ಲಾದೇಶದ ಚೊಚ್ಚಲ ಟೆಸ್ಟ್‌ನಲ್ಲಿ ಅವರು ಮೊದಲ ಇನಿಂಗ್ಸ್‌ನಲ್ಲಿ 142 ರನ್ನಿಗೆ 5 ವಿಕೆಟ್ ಪಡೆದರು. ಆ ಬಳಿಕ ಭಾರತದ ಪರ ಅತ್ಯಧಿಕವಾದ 92 ರನ್ ಗಳಿಸಿ ಪಂದ್ಯಶ್ರೇಷ್ಠರಾದರು. ಟೆಸ್ಟ್‌ಗಳಲ್ಲಿ 41, ಏಕದಿನ ಪಂದ್ಯಗಳಲ್ಲಿ 69 ವಿಕೆಟ್ ಅವರ ಹೆಸರಿನಲ್ಲಿವೆ. 2001ರ ನಂತರ ಅವರಿಗೆ ಭಾರತ ತಂಡದಲ್ಲಿ ಅವಕಾಶ ದೊರೆಯಲಿಲ್ಲ. ಆದರೂ ಅವರು ದೇಶೀಯ ಕ್ರಿಕೆಟ್‌ನಲ್ಲಿ ಒಂದು ದಶಕದಷ್ಟು ಕಾಲ ಮುಂದುವರಿದರು. 160 ಪ್ರಥಮ ದರ್ಜೆ ಪಂದ್ಯಗಳಲ್ಲಿ 615 ವಿಕೆಟ್ ಹಾಗೂ 5,000ಕ್ಕೂ ಹೆಚ್ಚು ರನ್ ಗಳಿಸಿ, 2012ರಲ್ಲಿ ನಿವೃತ್ತಿ ಘೋಷಿಸಿದರು.

ತರಬೇತುದಾರರಾಗಿ

ಜಮ್ಮು ಮತ್ತು ಕಾಶ್ಮೀರ

ಹೈದರಾಬಾದ್ ತಂಡದೊಂದಿಗೆ ಕೆಲಸ ಮಾಡಿದ ಬಳಿಕ ಜೋಶಿಯವರು 2014-15ರ ಋತುವಿಗೆ ಜಮ್ಮು ಮತ್ತು ಕಾಶ್ಮೀರ ತಂಡದ ತರಬೇತುದಾರರಾದರು. 2014ರ ಸೆಪ್ಟೆಂಬರ್‌ನ ಮಹಾಪೂರದಲ್ಲಿ ಶ್ರೀನಗರದ ಕ್ರೀಡಾಂಗಣವೂ ಹಾನಿಗೊಂಡಿತ್ತು. ತವರಿನಲ್ಲಿ ಸಮರ್ಪಕ ಅಭ್ಯಾಸಕ್ಕೆ ಅವಕಾಶವಿಲ್ಲದ ತಂಡ, ಡಿಸೆಂಬರ್‌ನಲ್ಲಿ ಋತುವಿನ ಮೊದಲ ಪಂದ್ಯಕ್ಕಾಗಿ ಮುಂಬಯಿಯ ವಾಂಖೆಡೆ ಕ್ರೀಡಾಂಗಣಕ್ಕೆ ಬಂದಿತು. ಎದುರಾಳಿ ಮುಂಬಯಿ ಅಷ್ಟರಲ್ಲಿ 40 ಬಾರಿ ರಣಜಿ ಟ್ರೋಫಿ ಗೆದ್ದಿತ್ತು. ಪರ್ವೇಜ್ ರಸೂಲ್ ನಾಯಕತ್ವದ ಜಮ್ಮು ಮತ್ತು ಕಾಶ್ಮೀರ ಆ ಪಂದ್ಯವನ್ನು 4 ವಿಕೆಟ್‌ಗಳಿಂದ ಗೆದ್ದಿತು. ರಣಜಿ ಇತಿಹಾಸದ ಅತ್ಯಂತ ಅನಿರೀಕ್ಷಿತ ಫಲಿತಾಂಶಗಳಲ್ಲಿ ಇದನ್ನೂ ಎಣಿಸಲಾಗುತ್ತದೆ. ಆದರೆ ಋತುವಿನುದ್ದಕ್ಕೂ ಆ ಮಟ್ಟವನ್ನು ಉಳಿಸಿಕೊಳ್ಳಲಾಗದೆ ತಂಡ ಮುಂದಿನ ವರ್ಷ ಸಿ ಗುಂಪಿಗೆ ಇಳಿಯಿತು. 2016-17ರಲ್ಲಿ ಜೋಶಿಯವರು ಅಸ್ಸಾಂ ತಂಡದ ಹೊಣೆ ಹೊತ್ತರು.

ಒಮಾನ್ ಮತ್ತು ಬಾಂಗ್ಲಾದೇಶ

2016ರ ವಿಶ್ವ ಟ್ವೆಂಟಿ20 ಪಂದ್ಯಾವಳಿಯ ಅವಧಿಯಲ್ಲಿ ಅವರು ಒಮಾನ್ ತಂಡದ ಸ್ಪಿನ್ ಬೌಲಿಂಗ್ ತರಬೇತುದಾರರಾಗಿದ್ದರು. ಮೊದಲ ಬಾರಿಗೆ ವಿಶ್ವಮಟ್ಟದ ಪಂದ್ಯಾವಳಿಗೆ ಬಂದಿದ್ದ ಒಮಾನ್, ಧರ್ಮಶಾಲಾದಲ್ಲಿ ಐರ್ಲೆಂಡನ್ನು ಸೋಲಿಸಿತು.

2017ರ ಆಗಸ್ಟ್‌ನಲ್ಲಿ ಬಾಂಗ್ಲಾದೇಶವು ಜೋಶಿಯವರನ್ನು ಸ್ಪಿನ್ ಬೌಲಿಂಗ್ ಸಲಹೆಗಾರರನ್ನಾಗಿ ನೇಮಿಸಿಕೊಂಡಿತು. 17 ವರ್ಷಗಳ ಹಿಂದೆ ಯಾವ ತಂಡದ ಮೊದಲ ಟೆಸ್ಟ್‌ನಲ್ಲಿ ಪಂದ್ಯಶ್ರೇಷ್ಠರಾಗಿದ್ದರೋ, ಅದೇ ತಂಡದ ಬೌಲರ್‌ಗಳನ್ನು ತಿದ್ದುವ ಕೆಲಸ ಈಗ ಅವರದಾಯಿತು. ಅದೇ ತಿಂಗಳು ಢಾಕಾದಲ್ಲಿ ಬಾಂಗ್ಲಾದೇಶ 20 ರನ್‌ಗಳಿಂದ ಆಸ್ಟ್ರೇಲಿಯಾವನ್ನು ಮಣಿಸಿತು. ಇದು ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾದ ವಿರುದ್ಧ ಆ ದೇಶದ ಮೊದಲ ಜಯ. ಶಕೀಬ್ ಅಲ್ ಹಸನ್ ಎರಡೂ ಇನಿಂಗ್ಸ್‌ಗಳಲ್ಲಿ ತಲಾ 5 ವಿಕೆಟ್ ಪಡೆದರು. 2018ರ ಕೊನೆಯಲ್ಲಿ ವೆಸ್ಟ್ ಇಂಡೀಸ್ ವಿರುದ್ಧದ ಎರಡು ಟೆಸ್ಟ್‌ಗಳ ಸರಣಿಯನ್ನು ಬಾಂಗ್ಲಾದೇಶ 2-0ಯಿಂದ ಗೆದ್ದಿತು. ಎದುರಾಳಿಯ 40 ವಿಕೆಟ್‌ಗಳೂ ಸ್ಪಿನ್ನರ್‌ಗಳ ಪಾಲಾದವು. ಎರಡನೆಯ ಟೆಸ್ಟ್‌ನಲ್ಲಿ ತಂಡ ಒಬ್ಬನೇ ಒಬ್ಬ ತಜ್ಞ ವೇಗಿಯನ್ನೂ ಆಡಿಸಲಿಲ್ಲ. 2019ರ ವಿಶ್ವಕಪ್‌ನ ನಂತರ ಈ ಒಪ್ಪಂದ ಮುಗಿಯಿತು. ಆ ಹುದ್ದೆಗೆ ನ್ಯೂಜಿಲೆಂಡಿನ ಡೇನಿಯಲ್ ವೆಟ್ಟೋರಿ ಬಂದರು. 2019-20ರಲ್ಲಿ ಜೋಶಿಯವರು ಉತ್ತರ ಪ್ರದೇಶ ತಂಡಕ್ಕೆ ತರಬೇತಿ ನೀಡಿದರು.

ಆಯ್ಕೆ ಸಮಿತಿಯಲ್ಲಿ

2020ರ ಮಾರ್ಚ್‌ನಲ್ಲಿ ಜೋಶಿಯವರು ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. 2020-21ರ ಆಸ್ಟ್ರೇಲಿಯಾ ಪ್ರವಾಸಕ್ಕೆ ತಂಡವನ್ನು ಆರಿಸಿದ್ದು ಅವರ ನೇತೃತ್ವದ ಸಮಿತಿ. ಆ ತಂಡ ಟೆಸ್ಟ್ ಸರಣಿಯನ್ನು 2-1ರಿಂದ ಗೆದ್ದಿತು. 2020ರ ಡಿಸೆಂಬರ್‌ನಲ್ಲಿ ಚೇತನ್ ಶರ್ಮಾ ಅಧ್ಯಕ್ಷರಾದಾಗ ಜೋಶಿ ಸದಸ್ಯರಾಗಿ ಮುಂದುವರಿದರು. 2022ರ ನವೆಂಬರ್‌ನಲ್ಲಿ ಇಡೀ ಸಮಿತಿಯನ್ನು ಕೈಬಿಡಲಾಯಿತು. 2023ರಲ್ಲಿ ಅವರು ಐಪಿಎಲ್‌ನ ಪಂಜಾಬ್ ಕಿಂಗ್ಸ್ ತಂಡದ ಸ್ಪಿನ್ ಬೌಲಿಂಗ್ ತರಬೇತುದಾರರಾದರು.

ಮಹತ್ವ

ಜೋಶಿಯವರ ತರಬೇತಿ ಜೀವನದಲ್ಲಿ ದೊಡ್ಡ ಟ್ರೋಫಿಗಳಿಗಿಂತ, ಸೌಲಭ್ಯಗಳ ಕೊರತೆಯಿದ್ದ ಅಥವಾ ದುರ್ಬಲವೆಂದು ಎಣಿಸಲಾಗಿದ್ದ ತಂಡಗಳು ಬಲಾಢ್ಯರನ್ನು ಎದುರಿಸಿ ಗೆದ್ದ ಪಂದ್ಯಗಳೇ ಎದ್ದು ಕಾಣುತ್ತವೆ. ಇಂದು ಹುಬ್ಬಳ್ಳಿಯ ರಾಜನಗರದಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಕ್ರೀಡಾಂಗಣವಿದ್ದು, ಅಲ್ಲಿ ರಣಜಿ ಪಂದ್ಯಗಳು ನಡೆಯುತ್ತವೆ. ಜೋಶಿಯವರು ಗದಗದಿಂದ ಅಭ್ಯಾಸಕ್ಕೆ ಬರುತ್ತಿದ್ದ ಕಾಲದಲ್ಲಿ ಈ ಅನುಕೂಲ ಹುಬ್ಬಳ್ಳಿಯಲ್ಲಿ ಇರಲಿಲ್ಲ.