ಯುದ್ಧ ಮುಗಿಯುವ ಮೊದಲೇ ಒಂದು ಪ್ರತಿಷ್ಠೆ: ಹಂಪಿಯ ಬಾಲಕೃಷ್ಣ, 1515

ಕಮಲಾಪುರದಿಂದ ಹಂಪಿಗೆ ಹೋಗುವ ರಸ್ತೆಯ ಪಕ್ಕದಲ್ಲೇ ಇರುವ ಕೃಷ್ಣ ದೇವಾಲಯವನ್ನು ಕಳಿಂಗ ವಿಜಯದ ಸ್ಮಾರಕವೆಂದು ಹೇಳುವುದು ರೂಢಿ. ತಾರೀಖುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಈ ಮಾತು ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ಸುಮಾರು ಒಂದೂವರೆ ವರ್ಷದ ಮುತ್ತಿಗೆಯ ನಂತರ ಕಳಿಂಗದ ಅರಸ ಗಜಪತಿಯ ಉದಯಗಿರಿ ಕೋಟೆ ಕೃಷ್ಣದೇವರಾಯನ ವಶವಾದದ್ದು 1514ರ ಜೂನ್‌ನಲ್ಲಿ. ಅಲ್ಲಿಂದ ತಂದ ಬಾಲಕೃಷ್ಣನ ಪ್ರತಿಷ್ಠೆಯನ್ನು ದೇವಾಲಯದ ಶಾಸನ ಭಾವ ಸಂವತ್ಸರದ ಫಾಲ್ಗುಣದಲ್ಲಿ, ಅಂದರೆ 1515ರ ಆರಂಭದಲ್ಲಿ ಇಡುತ್ತದೆ. ಗಜಪತಿಯ ಇನ್ನೊಂದು ಕೋಟೆ ಕೊಂಡವೀಡು ಬಿದ್ದದ್ದು ಆಮೇಲೆ, ಅದೇ ವರ್ಷದ ಜೂನ್‌ನಲ್ಲಿ. ದಂಡು ಮುಂದೆ ತಲುಪಲಿದ್ದ ಸಿಂಹಾಚಲದ ದಾರಿ ಇನ್ನೂ ದೂರವಿತ್ತು, ಗಜಪತಿಯೊಡನೆ ಸಂಧಿ ಅದಕ್ಕೂ ಆಚೆ. ಹೀಗಾಗಿ ಪ್ರತಿಷ್ಠೆಯ ದಿನ ರಾಜಧಾನಿಯ ಜನ ಕೂಡಿದ್ದು ಗೆದ್ದು ಮುಗಿದ ಯುದ್ಧಕ್ಕಲ್ಲ, ಪೂರ್ವದಲ್ಲಿ ಇನ್ನೂ ನಡೆಯಬೇಕಿದ್ದ ಯುದ್ಧದ ನಡುವೆ. ಅದನ್ನು ವಿಜಯೋತ್ಸವ ಎನ್ನುವುದಕ್ಕಿಂತ ಸಾರ್ವಜನಿಕ ಪ್ರಾರ್ಥನೆ ಎನ್ನುವುದೇ ಸರಿ ಎಂಬುದು ನನ್ನ ವಾದ.

ಶತ್ರುವಿನ ಕೋಟೆಯಿಂದ ಹೊತ್ತು ತಂದ ವಿಗ್ರಹ ಕೊಳ್ಳೆಯ ವಸ್ತುವಲ್ಲವೇ, ಅದರಲ್ಲಿ ಪ್ರಾರ್ಥನೆಯೇನು ಬಂತು ಎಂದು ಕೇಳಬಹುದು. ಕೊಳ್ಳೆ ಹೌದು, ಸೋತವನ ದೇವರನ್ನು ತನ್ನ ಊರಲ್ಲಿ ಕೂರಿಸುವುದರಲ್ಲಿ ರಾಜಕೀಯವೂ ಇದೆ. ಆದರೆ ಕೊಳ್ಳೆಯ ವಸ್ತು ಬೊಕ್ಕಸ ಸೇರುತ್ತದೆ. ಈ ಬೆಣ್ಣೆಗೈಯ ಮಗುವಿಗೆ ಗುಡಿ, ಭೂದಾನ, ನಿತ್ಯಪೂಜೆ, ಎದುರಿಗೆ ಬಜಾರು, ಪುಷ್ಕರಣಿ, ಕೃಷ್ಣಾಪುರವೆಂಬ ಪೇಟೆಯೇ ದೊರೆಯಿತು. ರಾಯನ ನಡೆ ಇದೊಂದರಲ್ಲೇ ಕಾಣುವುದೂ ಅಲ್ಲ: ಉದಯಗಿರಿಯಿಂದ ಮರಳುವಾಗ, 1514ರ ಜುಲೈನಲ್ಲಿ, ತಿರುಮಲೆಯ ದೇವರಿಗೆ 30,000 ವರಹಗಳ ಕನಕಾಭಿಷೇಕ ಮಾಡಿಸಿದ್ದ. ಎರಡು ಕೋಟೆಗಳ ನಡುವಿನ ಬಿಡುವೆಲ್ಲ ದೇವರ ಮುಂದೆ ಕಳೆದಂತಿದೆ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಶಾಸನ ಆಡುವುದು ಅರಮನೆಯ ಮಾತು; ಆತ್ಮಾವಲೋಕನದಂಥ ಇಂದಿನ ಕಲ್ಪನೆಯನ್ನು ಅದರ ಮೇಲೆ ಹೇರಬಾರದು. ಒಪ್ಪುತ್ತೇನೆ. ಆದರೂ ಯುದ್ಧವನ್ನೂ ವ್ರತವನ್ನೂ ಒಂದೇ ಅಂಗಳಕ್ಕೆ ತರುವ ಪದ್ಧತಿ ಈ ನಗರದಲ್ಲಿತ್ತೆಂಬುದಕ್ಕೆ ಹೊರಗಿನವನ ಸಾಕ್ಷ್ಯವಿದೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಮಹಾನವಮಿಯ ಒಂಬತ್ತು ದಿನವೂ ರಾಜ ಉಪವಾಸವಿದ್ದು ನಡುರಾತ್ರಿಯಲ್ಲಷ್ಟೇ ಉಣ್ಣುತ್ತಿದ್ದನೆಂದು ಬರೆದಿದ್ದಾನೆ; ಕೊನೆಯ ದಿನ 250 ಕೋಣ, 4,500 ಕುರಿಗಳ ಬಲಿಯನ್ನೂ ಲೆಕ್ಕ ಹಾಕಿದ್ದಾನೆ. ಹಬ್ಬ ಮುಗಿದ ಮೇಲೆ ದಂಡಿನ ಪರಿವೀಕ್ಷಣೆ. (ಈ ಹಬ್ಬ ನಡೆಯುತ್ತಿದ್ದ ಮಹಾನವಮಿ ದಿಬ್ಬವೇ ಒಡ್ಡಿಯರ, ಅಂದರೆ ಕಳಿಂಗದವರ, ಮೇಲಿನ ಗೆಲುವಿಗೆ ಕಟ್ಟಿದ್ದೆಂಬ ಅವನ ಮಾತನ್ನು ಮಾತ್ರ ಪೂರ್ತಿ ನಂಬುವಂತಿಲ್ಲ, ಅದರ ಕೆಳಗಿನ ಹಂತಗಳು ಕೃಷ್ಣದೇವರಾಯನಿಗಿಂತ ಹಳೆಯವು.) ಉಪವಾಸ, ಬಲಿ, ದಂಡು ಈ ಮೂರೂ ಒಂದೇ ಹಬ್ಬದೊಳಗೆ ಬರುವ ಊರಿನಲ್ಲಿ ಫಾಲ್ಗುಣದ ಆ ಪ್ರತಿಷ್ಠೆಯನ್ನು ಬರಿಯ ಮೆರವಣಿಗೆಯೆಂದು ಓದುವುದೇ ಕಷ್ಟ.

ವಿಗ್ರಹ ಈಗ ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಗರ್ಭಗುಡಿ ಬರಿದು. ಉಳಿದಿರುವುದು ಪೂರ್ವ ಗೋಪುರದ ಗಾರೆಗೊಂಬೆಗಳು: ಕುದುರೆಗಳು, ಆನೆಗಳು, ಗುರಾಣಿ ಹಿಡಿದ ಆಳುಗಳು. ಕಳಿಂಗದ ದಂಡಯಾತ್ರೆಯ ಚಿತ್ರವೆಂದು ವಿದ್ವಾಂಸರು ಗುರುತಿಸುವ ಈ ಸಾಲು ಇರುವುದು ಗೋಪುರದ ಪಶ್ಚಿಮ ಮುಖದಲ್ಲಿ, ಅಂದರೆ ಒಳಾಂಗಣದ ಕಡೆಗೆ. ಬಜಾರಿನಿಂದ ಬರುವವನಿಗೆ ಅದು ಕಾಣುವುದಿಲ್ಲ. ದರ್ಶನ ಮುಗಿಸಿ ಹೊರಗೆ ಹೆಜ್ಜೆ ಹಾಕುವವನು ತಲೆಯೆತ್ತಿದರೆ ಎದುರಾಗುತ್ತದೆ.