ಅಜ್ಜನ ಕಂಬಳಿಯಿಂದ ಮಗಳ ಸ್ಲೀಪಿಂಗ್ ಬ್ಯಾಗಿನವರೆಗೆ



ವಾರಕ್ಕೊಂದು ದಿನ ನಾನು ಪಾಮರ್ಸ್ಟನ್ ನಾರ್ತ್‌ನ ಒಂದು ಆಪ್ ಶಾಪ್‌ನಲ್ಲಿ, ಅಂದರೆ ದಾನವಾಗಿ ಬಂದ ಹಳೆಯ ಸಾಮಾನು ಮಾರುವ ಅಂಗಡಿಯಲ್ಲಿ, ಸ್ವಯಂಸೇವಕಿಯಾಗಿ ಕೆಲಸ ಮಾಡುತ್ತೇನೆ. ಫೆಬ್ರವರಿಯಲ್ಲಿ ಶಾಲೆಗಳು ಶುರುವಾಗಿ ಕ್ಯಾಂಪಿನ ಪಟ್ಟಿ ಮನೆಗೆ ಬಂತೆಂದರೆ ಸ್ಲೀಪಿಂಗ್ ಬ್ಯಾಗ್ ಕೇಳಿಕೊಂಡು ಬರುವ ತಾಯಂದಿರು ಹೆಚ್ಚು. ಈಚೆಗೆ ಊರಿಗೆ ಹೊಸದಾಗಿ ಬಂದ ಕನ್ನಡದ ಹುಡುಗಿಯೊಬ್ಬಳು ನಾಲ್ಕಾರು ಬ್ಯಾಗುಗಳನ್ನು ಮುಂದೆ ಹರಡಿಕೊಂಡು, "ಅಕ್ಕಾ, ಇದ್ರಲ್ಲಿ ಯಾವುದು ಜಾಸ್ತಿ ಬೆಚ್ಚಗಿರುತ್ತೆ?" ಎಂದು ಕೇಳಿದಳು. "ಒದ್ದೆಯಾದ್ರೂ ಬೆಚ್ಚಗಿರೋದು ಯಾವುದು ಅಂತ ಕೇಳಮ್ಮಾ" ಎಂದೆ.

ಆ ಉತ್ತರವನ್ನು ನಾನು ಕಲಿತದ್ದು ಪೆಟ್ಟು ತಿಂದು. ಕೆಲವು ವರ್ಷಗಳ ಹಿಂದೆ ನನ್ನ ಮಗಳು ಗೆಳತಿಯರ ಜೊತೆ ಟರರುವಾ ಬೆಟ್ಟಕ್ಕೆ ಹೊರಟಿದ್ದಳು. ಒಂದು ರಾತ್ರಿ ಗುಡ್ಡದ ಮೇಲಿನ ಹಟ್‌ನಲ್ಲಿ ಮಲಗುವುದು, ಮರುದಿನ ಇಳಿಯುವುದು. ಮನೆಯಲ್ಲಿ ದಪ್ಪನೆಯ ಸ್ಲೀಪಿಂಗ್ ಬ್ಯಾಗ್ ಇತ್ತು, ಒಳಗೆ ಹತ್ತಿಬಟ್ಟೆಯ ಅಸ್ತರು. ಮುಟ್ಟಿದರೆ ಎಷ್ಟು ಹಿತ! ಬೆನ್ನಿನ ಚೀಲದೊಳಗೆ ಹಿಡಿಸದ್ದರಿಂದ ಹೊರಗೆ ಕಟ್ಟಿ ಕಳಿಸಿದೆ. ಮಧ್ಯಾಹ್ನ ಹಿಡಿದ ಮಳೆ ಬಿಡಲಿಲ್ಲ. ಹಟ್ ತಲುಪುವ ಹೊತ್ತಿಗೆ ಹಾಸಿಗೆಯನ್ನು ಹಿಂಡಿದರೆ ನೀರು. ರಾತ್ರಿಯಿಡೀ ಅವಳು ನಡುಗಿದಳು. ಮಾತು ತೊದಲಲು ಶುರುವಾದಾಗ ಜೊತೆಗಿದ್ದವರು ಒದ್ದೆ ಬಟ್ಟೆ ಬಿಚ್ಚಿಸಿ, ಬಿಸಿ ಕುಡಿಸಿ, ತಮ್ಮ ನಡುವೆ ಮಲಗಿಸಿಕೊಂಡರಂತೆ. ದೇವರ ದಯೆ, ಮಗಳು ಕ್ಷೇಮವಾಗಿ ಬಂದಳು. ತಪ್ಪು ಬೆಟ್ಟದ್ದಲ್ಲ, ಮಳೆಯದ್ದೂ ಅಲ್ಲ, ನನ್ನದೇ. ಕನ್ನಡ ಎಂ.ಎ. ಓದಿದವಳು ನಾನು, ಏನಾದರೂ ಅರ್ಥವಾಗದಿದ್ದರೆ ಅದರ ಚರಿತ್ರೆ ಹುಡುಕುವುದು ಅಭ್ಯಾಸ. ಹಾಗೆ ಹುಡುಕುತ್ತ ಹೋದಾಗ ತಿಳಿದದ್ದನ್ನು ಇವತ್ತು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಮೊದಲಿಗೆ ನಮ್ಮ ಕಂಬಳಿ. ನಮ್ಮ ಅಜ್ಜ ಚಳ್ಳಕೆರೆ ಸಂತೆಯಲ್ಲಿ ಕೊಂಡ ಕರಿ ಕಂಬಳಿಯೊಂದು ಮನೆಯಲ್ಲಿತ್ತು. ಚುಚ್ಚುತ್ತದೆಂದು ನಾವು ಮಕ್ಕಳು ಹತ್ತಿರ ಸೇರಿಸುತ್ತಿರಲಿಲ್ಲ. ಅಜ್ಜನಿಗೆ ಅದೇ ಹಾಸಿಗೆ, ಅದೇ ಹೊದಿಕೆ, ಅದೇ ಛತ್ರಿ. ಚಿತ್ರದುರ್ಗ, ಬಳ್ಳಾರಿ, ಹಾವೇರಿ ಸೀಮೆಯ ಕುರುಬರು ದಖ್ಖನಿ ಕುರಿಯ ಒರಟು ಉಣ್ಣೆಯನ್ನು ನೂತು, ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿ ನೇಯ್ದ ಕಂಬಳಿ ಬಿರುಸಾಗಿರುತ್ತದೆ, ಸಣ್ಣ ಮಳೆಗೆ ಜಗ್ಗುವುದಿಲ್ಲ. ಕುರಿ ಮಂದೆಯ ಜೊತೆ ತಿಂಗಳುಗಟ್ಟಲೆ ಹೊಲದಲ್ಲೇ ಮಲಗುವವರಿಗೆ ಹೆಗಲ ಮೇಲೆ ಹೊರಬಹುದಾದ ಹಾಸಿಗೆ ಅದೊಂದೇ. ಮಲೆನಾಡಿನಲ್ಲಿ ಅದೇ ಕಂಬಳಿಯನ್ನು ಮಡಿಸಿ ಕೊಪ್ಪೆ ಮಾಡಿ ತಲೆಯಿಂದ ಬೆನ್ನಿನವರೆಗೆ ಇಳಿಬಿಟ್ಟು ಗದ್ದೆಗೆ ಇಳಿಯುತ್ತಿದ್ದರು. ಇಂದಿನ ಸ್ಲೀಪಿಂಗ್ ಬ್ಯಾಗಿನಲ್ಲಿ ತಲೆಯನ್ನು ಸುತ್ತಿಕೊಳ್ಳುವ ಭಾಗವನ್ನು ನೋಡಿದಾಗಲೆಲ್ಲ ನನಗೆ ಆ ಕೊಪ್ಪೆಯೇ ನೆನಪಾಗುತ್ತದೆ.

ಕಂಬಳಿಯ ಗುಟ್ಟು ಏನು? ಯಾವ ಹೊದಿಕೆಯೂ ತಾನಾಗಿ ಶಾಖ ಕೊಡುವುದಿಲ್ಲ. ನಮ್ಮ ಮೈಯ ಶಾಖ ಹೊರಗೆ ಹೋಗದಂತೆ, ಎಳೆಗಳ ನಡುವೆ ಅಲುಗಾಡದ ಗಾಳಿಯನ್ನು ಹಿಡಿದಿಡುತ್ತದೆ ಅಷ್ಟೆ. ಆ ಗಾಳಿಯ ಜಾಗದಲ್ಲಿ ನೀರು ಕೂತರೆ ಮುಗಿಯಿತು. ಉಣ್ಣೆ ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಎಳೆಯೊಳಗೇ ಹೀರಿಕೊಂಡೂ ಗುಂಗುರು ಬಿಡುವುದಿಲ್ಲ, ಹಾಗಾಗಿ ಗಾಳಿಗೆ ಜಾಗ ಉಳಿಯುತ್ತದೆ. ಹತ್ತಿ ನೆನೆದರೆ ಮುದ್ದೆಯಾಗುತ್ತದೆ. ಉತ್ತರ ಕರ್ನಾಟಕದ ಅಜ್ಜಿಯರು ಹಳೆ ಸೀರೆ ಪದರ ಪದರವಾಗಿ ಸೇರಿಸಿ ಹೊಲಿದ ಕೌದಿ ಒಣಗಿದ್ದಾಗ ಅಮ್ಮನ ಮಡಿಲು, ಒದ್ದೆಯಾದರೆ ಎತ್ತಲಾರದ ಹೊರೆ. ಮಗಳ ಬ್ಯಾಗಿನ ಹತ್ತಿ ಅಸ್ತರು ಮಾಡಿದ್ದೂ ಅದೇ ಕೆಲಸ.

ಈ ಪಾಠ ನಾವು ಈಗಿರುವ ನೆಲಕ್ಕೂ ಹಳೆಯದು. ಮಾವೊರಿಗಳು ಹರಕೆಕೆ ಗಿಡದ, ಅಂದರೆ ಇಲ್ಲಿನ ನಾರುಗಿಡದ ಎಲೆಯ ಸೀಳುಗಳನ್ನು ಸಾಲು ಸಾಲಾಗಿ ಜೋಡಿಸಿ 'ಪಾಕೆ' ಎಂಬ ಮಳೆಹೊದಿಕೆ ಮಾಡುತ್ತಿದ್ದರು. ಹುಲ್ಲಿನ ಮಾಡಿನ ಮೇಲೆ ಜಾರುವಂತೆ ಮಳೆನೀರು ಅದರ ಮೇಲಿಂದ ಜಾರಿಹೋಗುತ್ತದೆ, ಒಳಗೆ ಕೂತವರು ಬೆಚ್ಚಗಿರುತ್ತಾರೆ. ನಮ್ಮ ಮಲೆನಾಡಿನ ಗೊರಬು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನವಾಟು ನದಿಯ ದಡದಲ್ಲಿ, ನಮ್ಮೂರಿಂದ ಫಾಕ್ಸ್‌ಟನ್‌ವರೆಗೆ, ಇದೇ ನಾರಿನ ಕಾರ್ಖಾನೆಗಳು ಒಂದು ಕಾಲಕ್ಕೆ ಬಹಳ ನಡೆದವು. ಆಮೇಲೆ ಬಂದದ್ದು ಕುರಿಯ ಕಾಲ. 1928ರಲ್ಲಿ ಇಲ್ಲಿ ತೆರೆದ ಮ್ಯಾಸೀ ಕೃಷಿ ಕಾಲೇಜಿನ ಮೊದಲ ಪ್ರಿನ್ಸಿಪಾಲರು ಜೆಫ್ರಿ ಪೆರೆನ್. ಗುಡ್ಡಗಾಡಿಗೆ ಒಗ್ಗುವಂತೆ ರೋಮ್ನಿ ಮತ್ತು ಚೀವಿಯಟ್ ತಳಿಗಳನ್ನು ಕೂಡಿಸಿ ಬೆಳೆಸಿದ ಕುರಿಗೆ ಅವರದೇ ಹೆಸರು, ಪೆರೆನ್‌ಡೇಲ್. ಅದೇ ಕಾಲೇಜಿನ ಫ್ರಾನ್ಸಿಸ್ ಡ್ರೈ ಅವರ ಸಂಶೋಧನೆಯಿಂದ ಬಂದ ಡ್ರೈಸ್‌ಡೇಲ್ ತಳಿಯ ಒರಟು ಉಣ್ಣೆ ಕಾರ್ಪೆಟ್ಟಿಗೆ ಹೋಗುತ್ತದೆ. ಚಳ್ಳಕೆರೆಯ ಸಂತೆಗೂ ಪಾಮರ್ಸ್ಟನ್ ನಾರ್ತ್‌ನ ಕಾಲೇಜಿಗೂ ಒರಟು ಉಣ್ಣೆಯ ಬೆಲೆ ಗೊತ್ತಿತ್ತು ಎಂಬುದು ನನಗೆ ಸಂತೋಷದ ಸಂಗತಿ.

ಹಾಗಾದರೆ ಕಂಬಳಿ ಚೀಲವಾದದ್ದು ಯಾವಾಗ? ವೇಲ್ಸ್ ದೇಶದ ನ್ಯೂಟೌನ್ ಎಂಬ ಊರಿನಲ್ಲಿ ಪ್ರೈಸ್ ಪ್ರೈಸ್-ಜೋನ್ಸ್ ಎಂಬ ಉಣ್ಣೆಬಟ್ಟೆ ವ್ಯಾಪಾರಿ ಇದ್ದ. ಅಂಚೆಯ ಮೂಲಕ ಸರಕು ಮಾರುವ ವ್ಯಾಪಾರ ಶುರುಮಾಡಿದ ಮೊದಲಿಗರಲ್ಲಿ ಆತನೂ ಒಬ್ಬ. 1876ರಲ್ಲಿ ಆತ 'ಯೂಕ್ಲಿಸಿಯಾ ರಗ್' ಎಂಬುದಕ್ಕೆ ಪೇಟೆಂಟ್ ಪಡೆದ. ಉಣ್ಣೆಯ ಕಂಬಳಿ, ಮಡಿಸಿ ಪಕ್ಕ ಕಟ್ಟಿಕೊಂಡರೆ ಚೀಲ, ತಲೆಗೆ ಊದಿಕೊಳ್ಳುವ ರಬ್ಬರ್ ದಿಂಬು. ರಷ್ಯಾದ ಸೈನ್ಯ 60,000 ಬೇಕೆಂದಿತು. ತುರ್ಕರೊಂದಿಗಿನ ಯುದ್ಧದಲ್ಲಿ ಪ್ಲೆವ್ನಾ ಪಟ್ಟಣ ಬಿದ್ದ ಮೇಲೆ ಉಳಿದವು ಬೇಡವೆಂದಿತು. ಸಾವಿರಾರು ಚೀಲಗಳು ಅಂಗಡಿಯಲ್ಲೇ ಉಳಿದವು. ಆಗ ಆತ ಅವನ್ನು ಊರೂರಿಗೆ ಅಂಚೆಯಲ್ಲಿ ಮಾರಿದ. ಸೈನಿಕರ ಹಾಸಿಗೆ ಜನಸಾಮಾನ್ಯರ ಕೈಗೆ ಬಂದದ್ದು ಹೀಗೆ.

ಅದರ ಭಾರ ಮಾತ್ರ ಕಡಿಮೆಯಾಗಲಿಲ್ಲ. 1878ರಲ್ಲಿ ಲೇಖಕ ಆರ್. ಎಲ್. ಸ್ಟೀವನ್‌ಸನ್ ಫ್ರಾನ್ಸಿನ ಸೆವೆನ್ ಬೆಟ್ಟಗಳಲ್ಲಿ ನಡೆಯಲು ಹೊರಟಾಗ, ಹೊರಗೆ ನೀರು ತಡೆಯುವ ಬಟ್ಟೆ, ಒಳಗೆ ಕುರಿಯ ತುಪ್ಪಳ ಇಟ್ಟು ಮಲಗುವ ಚೀಲ ಹೊಲಿಸಿಕೊಂಡ. ಅದನ್ನು ಹೊರಲು ಆಗದೆ ಒಂದು ಕತ್ತೆಯನ್ನೇ ಕೊಂಡ! ಅವನ ಪ್ರವಾಸ ಕಥನದಲ್ಲಿ ಆ ಕತ್ತೆಯೇ ಅವನಷ್ಟು ಹೆಸರಾಯಿತು. ಹಗುರವಾದ ಸ್ಲೀಪಿಂಗ್ ಬ್ಯಾಗ್ ಯಾಕೆ ಬೇಕೆಂದು ಯಾರಾದರೂ ಕೇಳಿದರೆ ಈ ಕಥೆ ಹೇಳಿ.

ತೇವ ಎಷ್ಟು ದೊಡ್ಡ ಶತ್ರು ಎಂಬುದಕ್ಕೆ ಇನ್ನೊಂದು ಕಥೆ ಇದೆ, ಅದು ನಗುವಂಥದ್ದಲ್ಲ. ಸ್ಕಾಟ್‌ನ ದಕ್ಷಿಣ ಧ್ರುವ ಯಾತ್ರೆಯ ಹಡಗು ಟೆರಾ ನೋವಾ 1910ರಲ್ಲಿ ನ್ಯೂಜಿಲೆಂಡಿನಿಂದಲೇ ದಕ್ಷಿಣಕ್ಕೆ ಹೊರಟಿತು. ಮರುವರ್ಷದ ಚಳಿಗಾಲದಲ್ಲಿ ಅವರಲ್ಲಿ ಮೂವರು, ವಿಲ್ಸನ್, ಬೋವರ್ಸ್ ಮತ್ತು ಚೆರಿ-ಗ್ಯಾರಾರ್ಡ್, ಎಂಪರರ್ ಪೆಂಗ್ವಿನ್ ಮೊಟ್ಟೆ ತರಲು ಐದು ವಾರ ಕತ್ತಲೆಯಲ್ಲಿ ನಡೆದರು. ಚಳಿ ಮೈನಸ್ 60 ಡಿಗ್ರಿವರೆಗೆ ಇಳಿಯಿತು. ಹಿಮಸಾರಂಗದ ಚರ್ಮದ ಚೀಲಗಳಲ್ಲಿ ಮಲಗುತ್ತಿದ್ದರು. ಉಸಿರು, ಬೆವರು ಒಳಗೇ ಹೆಪ್ಪುಗಟ್ಟಿ, ಹೊರಡುವಾಗ ಸುಮಾರು 8 ಕೆಜಿ ಇದ್ದ ಚೆರಿ-ಗ್ಯಾರಾರ್ಡ್‌ನ ಚೀಲ ಮರಳುವಾಗ 20 ಕೆಜಿ ತೂಗಿತು! ಹೆಚ್ಚಿದ್ದೆಲ್ಲ ಮಂಜುಗಡ್ಡೆ. ಮಳೆಯೇ ಬೇಕಿಲ್ಲ, ನಮ್ಮ ಮೈಯ ತೇವವೇ ಸಾಕು.

ಆಮೇಲೆ ಬಂದದ್ದು ಡೌನ್, ಅಂದರೆ ಬಾತುಕೋಳಿ ಮತ್ತು ಹೆಬ್ಬಾತಿನ ಎದೆಯ ಮೆತ್ತನೆಯ ತುಪ್ಪಳ. ತೂಕಕ್ಕೆ ಹೋಲಿಸಿದರೆ ಅದರಷ್ಟು ಬೆಚ್ಚನೆಯದು ಇವತ್ತಿಗೂ ಅಪರೂಪ. 1953ರ ಎವರೆಸ್ಟ್ ಯಾತ್ರೆಗೆ ಡನೀಡನ್ ಪಟ್ಟಣದ ಆರ್ಥರ್ ಎಲ್ಲಿಸ್ ಕಂಪನಿಯ ಫೇರಿಡೌನ್ ಚೀಲಗಳು ಹೋಗಿದ್ದವು. ಇಲ್ಲಿನವರಿಗೆ ಅದು ಇಂದಿಗೂ ಹೆಮ್ಮೆಯ ವಿಷಯ. ಆದರೆ ಎವರೆಸ್ಟಿನ ಚಳಿ ಒಣ ಚಳಿ. ಟರರುವಾದ್ದು ಹಾಗಲ್ಲ. ಇಲ್ಲಿ ಪಡುವಣ ಗಾಳಿ ಸಮುದ್ರದ ನೀರನ್ನೆಲ್ಲ ಹೊತ್ತು ತಂದು ಬೆಟ್ಟಕ್ಕೆ ಸುರಿಯುತ್ತದೆ. ವೆಲ್ಲಿಂಗ್ಟನ್‌ನ ಟರರುವಾ ಟ್ರ್ಯಾಂಪಿಂಗ್ ಕ್ಲಬ್ ಶುರುವಾದದ್ದು 1919ರಲ್ಲಿ. 1933ರಲ್ಲಿ, ಮುಂದೆ ಅರ್ಥಶಾಸ್ತ್ರಜ್ಞರೆಂದು ಹೆಸರಾದ ಬಿಲ್ ಸಚ್ ಸೇರಿ ನಾಲ್ವರು ಈ ಬೆಟ್ಟಗಳಲ್ಲಿ ಕಾಣೆಯಾಗಿ, ದೊಡ್ಡ ಹುಡುಕಾಟವೇ ನಡೆದು, ಕೊನೆಗೆ ಜೀವಂತವಾಗಿ ಹೊರಬಂದರು. ದಾರಿತಪ್ಪಿದವರನ್ನು ಹುಡುಕುವ ಕೆಲಸಕ್ಕೆ ಈ ದೇಶದಲ್ಲಿ ಒಂದು ವ್ಯವಸ್ಥೆ ಬೇಕೆಂದು ಜನ ಮನಗಂಡದ್ದು ಆಗಲೇ. ಮೈ ತಣ್ಣಗಾಗಿ ಜೀವಕ್ಕೆ ಅಪಾಯ ಬರಲು ಹಿಮ ಬೀಳಲೇಬೇಕೆಂದಿಲ್ಲ. ಐದಾರು ಡಿಗ್ರಿಯಲ್ಲಿ ಮಳೆ, ಗಾಳಿ ಎರಡೂ ಸೇರಿದರೆ ಸಾಕು. ಅಂಥಲ್ಲಿ ತುಪ್ಪಳ ನೆನೆದರೆ ಗಂಟುಗಂಟಾಗಿ ಮೂಲೆ ಸೇರುತ್ತದೆ, ಹಟ್‌ನಲ್ಲಿ ಒಣಗುವುದೂ ಇಲ್ಲ.

ಇದಕ್ಕೆ ಉತ್ತರ ಬಂದದ್ದು ಪ್ರಯೋಗಶಾಲೆಯಿಂದ. 1941ರಲ್ಲಿ ಇಂಗ್ಲೆಂಡಿನ ಕ್ಯಾಲಿಕೊ ಪ್ರಿಂಟರ್ಸ್ ಅಸೋಸಿಯೇಷನ್‌ನಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನಶಾಸ್ತ್ರಜ್ಞರು ಒಂದು ಹೊಸ ಎಳೆ ಕಂಡುಹಿಡಿದರು. ಅದೇ ಟೆರಿಲೀನ್, ಪಾಲಿಯೆಸ್ಟರ್. ನಮ್ಮ ಅಪ್ಪಂದಿರ ಟೆರಿಕಾಟ್ ಶರಟಿನಲ್ಲಿ, ನಮ್ಮಮ್ಮ ಬಸ್ ಪ್ರಯಾಣಕ್ಕೆಂದೇ ಇಟ್ಟಿದ್ದ ಸೀರೆಯಲ್ಲಿ ಇದ್ದದ್ದು ಅದೇ. ಸೆಕೆಗೆ ಬೈದುಕೊಂಡು ಉಟ್ಟರೂ, ಒಗೆದು ಹಾಕಿದರೆ ಗಳಿಗೆಯಲ್ಲಿ ಒಣಗುತ್ತದೆಂದು ಅಮ್ಮ ಅದನ್ನು ಬಿಡಲಿಲ್ಲ. ಆ ಗುಣವೇ ಇಲ್ಲಿ ಕೆಲಸಕ್ಕೆ ಬರುವುದು. ಪಾಲಿಯೆಸ್ಟರ್ ತನ್ನ ತೂಕದ ಶೇಕಡಾ ಒಂದರಷ್ಟೂ ನೀರು ಹೀರುವುದಿಲ್ಲ. ಹಿಂಡಿ ಕೊಡವಿದರೆ ಎಳೆಗಳು ಮತ್ತೆ ಎದ್ದು ನಿಲ್ಲುತ್ತವೆ. ಮುಂದೆ ಎಳೆಯ ಒಳಗೇ ಟೊಳ್ಳು ಬಿಟ್ಟು ಇನ್ನಷ್ಟು ಗಾಳಿ ಹಿಡಿದರು. ನಮ್ಮ ಬೂರುಗದ ಹತ್ತಿಯ ಎಳೆ ಹುಟ್ಟಿನಿಂದಲೇ ಟೊಳ್ಳು, ದಿಂಬಿಗೆ ಅದನ್ನು ತುಂಬುತ್ತಿದ್ದ ನಮ್ಮವರಿಗೆ ಇದು ಹೊಸದೇನಲ್ಲ. 1980ರ ದಶಕದಲ್ಲಿ ಅಮೆರಿಕದ ಸೈನ್ಯಕ್ಕೆ ನೆನೆದರೂ ಕೈಕೊಡದ ತುಪ್ಪಳ ಬೇಕಾದಾಗ ತುಂಬ ಸಣ್ಣ ಎಳೆಗಳ ಪ್ರಿಮಾಲಾಫ್ಟ್ ಹುಟ್ಟಿತು. ಹಗುರವಾದ ಸಿಂಥೆಟಿಕ್ ಬ್ಯಾಗಿನ ವಂಶವೃಕ್ಷ ಇದು.

ಈಗ ಅಂಗಡಿಗೆ ಬರೋಣ. ಬ್ಯಾಗಿನ ಚೀಟಿಯಲ್ಲಿ ಮೂರು ಉಷ್ಣಾಂಶ ಇರುತ್ತವೆ: ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್. ಮೊದಲು ಒಂದೊಂದು ಕಂಪನಿಯೂ ತನಗೆ ತೋಚಿದ್ದನ್ನು ಬರೆಯುತ್ತಿತ್ತು. 2002ರಲ್ಲಿ ಯುರೋಪಿನಲ್ಲಿ ಇದಕ್ಕೊಂದು ಮಾನದಂಡ ಬಂತು. ಬಿಸಿ ಮಾಡಿದ ಬೊಂಬೆಯನ್ನು ಬ್ಯಾಗಿನೊಳಗೆ ಮಲಗಿಸಿ ಅಳೆಯುತ್ತಾರೆ. 2016ರಲ್ಲಿ ಅದೇ ಅಂತರರಾಷ್ಟ್ರೀಯ ಮಾನದಂಡವಾಯಿತು. ಹೆಂಗಸರು ಗಮನಿಸಬೇಕಾದದ್ದು ಕಂಫರ್ಟ್ ಸಂಖ್ಯೆಯನ್ನು, ಅದನ್ನು ಲೆಕ್ಕ ಹಾಕುವುದು ಹೆಣ್ಣಿನ ಮೈಗೆ. ಲಿಮಿಟ್ ಎಂಬುದು ಮುದುರಿ ಮಲಗಿದ ಗಂಡಸಿನದು. ಎಕ್ಸ್‌ಟ್ರೀಮ್ ಅಂದರೆ ಜೀವ ಉಳಿದೀತು ಎಂಬಷ್ಟೇ, ನಿದ್ದೆಯ ಮಾತಲ್ಲ. ಅಂಗಡಿಯಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವ ಸಂಖ್ಯೆ ಈ ಮೂರರಲ್ಲಿ ಯಾವುದೆಂದು ಕೇಳಿಯೇ ಕೊಳ್ಳಿ. ಇನ್ನೊಂದು ಮಾತು, ಈ ಅಳತೆ ದೊಡ್ಡವರಿಗಾಗಿ ಮಾಡಿದ್ದು. ಮಕ್ಕಳಿಗೆ ಅದನ್ನೇ ನಂಬದೆ ಒಂದಷ್ಟು ಹೆಚ್ಚು ಬೆಚ್ಚಗಿನದನ್ನೇ ಆರಿಸಿ.

ಸುಮಾರು ಸೊನ್ನೆ ಡಿಗ್ರಿಗೆ ಹಿತವಾದ ಸಿಂಥೆಟಿಕ್ ಬ್ಯಾಗ್ ಸಾಮಾನ್ಯವಾಗಿ ಒಂದೂಕಾಲು, ಒಂದೂವರೆ ಕೆಜಿ ಬರುತ್ತದೆ. ಡೌನ್ ಆದರೆ ಅದಕ್ಕಿಂತ ಮುನ್ನೂರು ನಾನೂರು ಗ್ರಾಂ ಕಡಿಮೆ, ಬೆಲೆ ಬಹಳ ಹೆಚ್ಚು. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎನ್ನುವ ಗಾದೆಯನ್ನು ಇಲ್ಲಿ ತಿರುಗಿಸಿ ಓದಬೇಕು. ಕಾಲು ಇದ್ದಷ್ಟೇ ಹಾಸಿಗೆ ಕೊಳ್ಳಿ, ಹೆಚ್ಚಿನ ಖಾಲಿ ಜಾಗವನ್ನೂ ಮೈಯೇ ಬಿಸಿ ಮಾಡಬೇಕಾಗುತ್ತದೆ. ಕೆಳಗೊಂದು ಫೋಮ್ ಚಾಪೆ ಬೇಕೇ ಬೇಕು, ಮೈಭಾರಕ್ಕೆ ಒತ್ತಿಹೋದ ಎಳೆಯಲ್ಲಿ ಗಾಳಿ ಇರುವುದಿಲ್ಲ. ಸಿಂಥೆಟಿಕ್ ಅಂದಮಾತ್ರಕ್ಕೆ ನೆನೆಸಬಹುದೆಂದಲ್ಲ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬೆನ್ನುಚೀಲದ ಒಳಗೇ ಇಡಿ. ಮನೆಗೆ ಬಂದ ಮೇಲೆ ಬಿಚ್ಚಿ, ಸಡಿಲವಾಗಿ ತೂಗುಹಾಕಿ. ಒತ್ತಿ ತುರುಕಿ ಇಟ್ಟರೆ ಎಳೆಗಳು ಸೋತು ಕೆಲವೇ ವರ್ಷಗಳಲ್ಲಿ ಬ್ಯಾಗ್ ತೆಳ್ಳಗಾಗುತ್ತದೆ. ಈ ವಿಷಯದಲ್ಲಿ ಮಾತ್ರ ಸಿಂಥೆಟಿಕ್ ಅಜ್ಜನ ಕಂಬಳಿಗೆ ಸಮವಲ್ಲ. ಕಂಬಳಿ ಮೊಮ್ಮಕ್ಕಳವರೆಗೆ ಬಂತು, ಸವೆದರೆ ಮಣ್ಣಿಗೂ ಸೇರೀತು. ಪಾಲಿಯೆಸ್ಟರ್ ಸೇರುವುದಿಲ್ಲ. ಅದಕ್ಕೇ ಇರುವುದನ್ನು ಜೋಪಾನ ಮಾಡುವುದು, ಬೇಡವಾದಾಗ ಇನ್ನೊಬ್ಬರಿಗೆ ದಾಟಿಸುವುದು ಒಳ್ಳೆಯದು.

ಆಪ್ ಶಾಪ್‌ಗೆ ಬಂದ ಆ ಹುಡುಗಿ ಕೊನೆಗೆ ಒಂದು ಸಿಂಥೆಟಿಕ್ ಬ್ಯಾಗ್ ಆರಿಸಿದಳು. ಕಿಟಕಿಯ ಬೆಳಕಿಗೆ ಹಿಡಿದು ಎಲ್ಲಿಯೂ ತೆಳ್ಳಗಾಗಿಲ್ಲವೆಂದು ಇಬ್ಬರೂ ನೋಡಿದೆವು. ಜಿಪ್ ಎಳೆದು ಪರೀಕ್ಷಿಸಿದೆವು. ನನ್ನ ಮಗಳು ಈಗಲೂ ಬೆಟ್ಟಕ್ಕೆ ಹೋಗುತ್ತಾಳೆ. ಹೊರಡುವ ಹಿಂದಿನ ರಾತ್ರಿ ನಾನು ಅವಳ ಬ್ಯಾಗನ್ನು ಎರಡೆರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟುತ್ತೇನೆ. "ಅಮ್ಮಾ, ಒಂದು ಸಾಕು" ಎನ್ನುತ್ತಾಳೆ. ನಾನು ಎರಡೇ ಕಟ್ಟುತ್ತೇನೆ.

ಬೆಟ್ಟಕ್ಕೆ ಹೋಗುವ ನಿಮ್ಮೆಲ್ಲರ ಮಕ್ಕಳೂ ಬೆಚ್ಚಗೆ ಮಲಗಿ ಎದ್ದು ಬರಲಿ.